ಬೂಟುಗಾಲಿನ ಮುಂದಿನ ಕಲ್ಲು

ಸೋದರಿಯರೇ, ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ ಒಂದನ್ನು ಆರಿಸುವ ನಮಗೆ ಪ್ರವಾಸ ಆರಿಸುವುದು ಏನು ಮಹಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸೀರೆ ಸರಿಬರದಿದ್ದರೆ ಮಗಳಿಗೋ ನಾದಿನಿಗೋ ದಾಟಿಸಬಹುದು. ಪ್ರವಾಸ ಸರಿಬರದಿದ್ದರೆ ಯಾರಿಗೆ ದಾಟಿಸೋಣ ಹೇಳಿ? ಅದೂ ಜೀವಮಾನದಲ್ಲಿ ಒಂದೇ ಸಲ ಹೋಗುವ ಪ್ರವಾಸ. ಅದೂ ತವರುಮನೆ ಮಾರಿದ ದುಡ್ಡಿನಲ್ಲಿ.

ಹೌದು, ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ಹಾಸನದ ಕಡೆಯ ನಮ್ಮ ಹಳೇ ಮನೆ 2023ರಲ್ಲಿ ಮಾರಾಟವಾಯಿತು. ಅಪ್ಪ ಉಯಿಲು ಬರೆದಿರಲಿಲ್ಲ. ಅಣ್ಣ ಸಹಿ ಹಾಕಿ ಬಿಟ್ಟುಕೊಡಿ ಅಂದ. ನಾನು ಹಾಕುತ್ತಿದ್ದೆನೋ ಏನೋ, ಅಕ್ಕ ಹಾಕಲಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾಯಿದೆ ತಿದ್ದುಪಡಿ ಆಗಿದೆಯಲ್ಲ, ಅದನ್ನು ಯಾರೋ ಅಕ್ಕನಿಗೆ ಹೇಳಿದ್ದರು. ಮೂರು ಪಾಲಾಯಿತು. ಒಬ್ಬೊಬ್ಬರಿಗೆ ಹನ್ನೊಂದು ಲಕ್ಷ ಬಂತು. ಅವತ್ತಿನಿಂದ ಅಣ್ಣ ನಮ್ಮ ಮನೆ ಹೊಸಿಲು ತುಳಿದಿಲ್ಲ.

ನಮ್ಮಕ್ಕನ ವಿಷಯ ಸ್ವಲ್ಪ ಹೇಳಬೇಕು. ನನಗಿಂತ ಐದು ವರ್ಷ ದೊಡ್ಡವಳು. ಏಳನೇ ಕ್ಲಾಸು ಮುಗಿಯುವ ಹೊತ್ತಿಗೆ ಅಮ್ಮನಿಗೆ ಕಾಯಿಲೆಯಾಗಿ, ಮನೆಗೆಲಸಕ್ಕೆ ಜನ ಬೇಕಾಗಿ, ಅಕ್ಕನನ್ನು ಸ್ಕೂಲು ಬಿಡಿಸಿದರು. ಅವಳು ಒಲೆ ಮುಂದೆ ಕೂತದ್ದಕ್ಕೇ ನಾನು 1994ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದದ್ದು. ಮದುವೆಯಾದಮೇಲೂ ಅವಳಿಗೆ ಸುಖವೇನಿರಲಿಲ್ಲ. ಭಾವ ತೀರಿಕೊಂಡು ಆರು ವರ್ಷವಾಯಿತು. ಮಗ ಪುಣೆಯಲ್ಲಿದ್ದಾನೆ. ಹಪ್ಪಳ ಸಂಡಿಗೆ ಮಾಡಿ ಮಾರುತ್ತಾಳೆ. ಧರ್ಮಸ್ಥಳ, ತಿರುಪತಿ ಬಿಟ್ಟರೆ ಅವಳು ನೋಡಿದ ಊರಿಲ್ಲ.

ಹೈಸ್ಕೂಲಿನಲ್ಲಿ ನಮಗೆ ಭೂಗೋಳ ಹೇಳಿಕೊಡುತ್ತಿದ್ದ ಮೇಷ್ಟ್ರು ಬೋರ್ಡಿನ ಮೇಲೆ ಇಟಲಿ ದೇಶವನ್ನು ಎತ್ತರದ ಬೂಟಿನ ಹಾಗೆ ಬರೆದು, ಅದರ ತುದಿಯಲ್ಲಿ ಮೂರು ಮೂಲೆಯ ಒಂದು ಕಲ್ಲು ಬರೆಯುತ್ತಿದ್ದರು. “ಬೂಟುಗಾಲು ಒದೆಯುತ್ತಿರುವ ಈ ಕಲ್ಲು ಯಾವುದು?” ಅನ್ನೋರು. ಸಿಸಿಲಿ ಸಾರ್! ಬೇಸಿಗೆ ಒಣ, ಮಳೆ ಚಳಿಗಾಲದಲ್ಲಿ, ದ್ರಾಕ್ಷಿ, ಆಲಿವ್, ನಿಂಬೆ ಕಿತ್ತಳೆ, ಎಲೆಗಳು ದಪ್ಪ ಮತ್ತು ನುಣುಪು. ಮೆಡಿಟರೇನಿಯನ್ ವಾಯುಗುಣದ ಲಕ್ಷಣಗಳನ್ನು ಬರೆಯಿರಿ, ಐದು ಅಂಕ. ಸಂಜೆ ನಾನು ಅದನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದರೆ ಮದುವೆಗೆ ಮುಂಚೆ ಮನೆಯಲ್ಲಿದ್ದ ಅಕ್ಕ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಮೂವತ್ತು ವರ್ಷದ ಮೇಲೆ, ಹಣ ಬ್ಯಾಂಕಿಗೆ ಬಿದ್ದ ದಿನ, “ಎಲ್ಲಾದರೂ ಹೋಗಿ ಬರೋಣ ಕಣೇ ಅಕ್ಕ” ಅಂದೆ. ಅವಳು “ಆ ಬೂಟಿನ ಕಲ್ಲು ಎಷ್ಟು ದೂರ ಇದೆ?” ಅಂದಳು. ನನಗೆ ಗಂಟಲು ಕಟ್ಟಿತು.

ಮನೆಯಲ್ಲಿ ಹೇಳಿದಾಗ ನಮ್ಮವರು ಪೇಪರಿನಿಂದ ತಲೆಯೆತ್ತಲಿಲ್ಲ. ಅಷ್ಟು ದುಡ್ಡು ಎಫ್.ಡಿ. ಇಟ್ಟರೆ ಬಡ್ಡಿ ಎಷ್ಟು ಬರುತ್ತದೆ ಗೊತ್ತೇ ಅಂದರು. ಗೊತ್ತು, ಮಿಕ್ಕದ್ದನ್ನು ಇಡುತ್ತೇನೆ ಅಂದೆ. ಅತ್ತೆ ಹಾಸಿಗೆ ಹಿಡಿದು ಎರಡು ವರ್ಷವಾದ್ದರಿಂದ ಅವರು ಬರುವ ಹಾಗಿರಲಿಲ್ಲ. “ಸರಿ, ನಿನ್ನ ದುಡ್ಡು, ಆದರೆ ಆರಿಸುವುದನ್ನು ಸರಿಯಾಗಿ ಆರಿಸು, ಮೋಸ ಹೋಗಬೇಡ” ಅಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನ್ನ ಕೈಗೆ ಪೂರ್ತಿ ಬಿಟ್ಟ ಮೊದಲ ಕೆಲಸ ಅದು. ಟಿ.ವಿ. ಕೊಳ್ಳುವಾಗಲೂ ನನ್ನನ್ನು ಬಣ್ಣ ಮಾತ್ರ ಕೇಳಿದ್ದರು!

ಮಗಳು ಬೆಂಗಳೂರಿನಿಂದ ಮೂರು ಕಂಪನಿಗಳ ಕಾಗದ ಕಳಿಸಿದಳು. ಮೊದಲನೆಯದು ನಮ್ಮ ದೇಶದವರೇ ಕರೆದುಕೊಂಡು ಹೋಗುವ ದೊಡ್ಡ ಬಸ್ಸು. ನಲವತ್ತಕ್ಕೂ ಮೇಲೆ ಜನ, ದಿನಾ ರಾತ್ರಿ ಅನ್ನ ಸಾರು, ಜೊತೆಗೆ ಹಿಂದಿ ಮಾತಾಡುವ ಮ್ಯಾನೇಜರು. ಎರಡನೆಯದು ಬೆಂಗಳೂರಿನ ಏಜೆಂಟರೊಬ್ಬರು ಮಾರುವ ವಿದೇಶಿ ತಂಡ. ಹದಿನಾರಕ್ಕಿಂತ ಹೆಚ್ಚು ಜನ ಇಲ್ಲ, ಬರೀ ಸಿಸಿಲಿ, ಇಂಗ್ಲಿಷ್ ಮಾತಾಡುವ ಅಲ್ಲಿನವರೇ ಗೈಡು. ಮೂರನೆಯದರಲ್ಲಿ ದಿನಾ ಹತ್ತು ಕಿಲೋಮೀಟರ್ ನಡಿಗೆ, ಸಂಜೆ ದ್ರಾಕ್ಷಾರಸದ ರುಚಿ. ಅದನ್ನು ಓದಿದ ತಕ್ಷಣ ಮಡಿಸಿಟ್ಟೆ. ಅಕ್ಕನ ಮಂಡಿಗೆ ನಡಿಗೆ ಆಗದು, ನಮ್ಮಿಬ್ಬರಿಗೂ ದ್ರಾಕ್ಷಾರಸ ಆಗದು.

ಮೊದಲನೆಯದೇ ಸರಿ ಅಂತ ಎಲ್ಲರೂ ಹೇಳಿದರು. ನನಗೂ ಮನಸ್ಸಾಗಿತ್ತು, ಅನ್ನ ಸಾರು ಅಂದರೆ ಸುಮ್ಮನೆಯೇ! ಆದರೆ ಆ ಕಾಗದವನ್ನು ನಾನು ಸೊಪ್ಪು ಬಿಡಿಸಿದ ಹಾಗೆ ಎಳೆ ಎಳೆಯಾಗಿ ಓದಿದೆ. ನಿಮಗೂ ಅದನ್ನೇ ಹೇಳುತ್ತೇನೆ, ಬಣ್ಣದ ಚಿತ್ರ ನೋಡಬೇಡಿ, ರಾತ್ರಿಗಳನ್ನು ಎಣಿಸಿ. “ಹನ್ನೆರಡು ದಿನ” ಅಂತ ದಪ್ಪಕ್ಷರ. ವಿಮಾನದಲ್ಲಿ ಹೋಗುವ ದಿನ, ಬರುವ ದಿನ ಕಳೆದರೆ ಹತ್ತು. ಮಿಲಾನಿನಲ್ಲಿ ಇಳಿದು ಬೂಟಿನ ಉದ್ದಕ್ಕೂ ಓಡಿ, ಸಿಸಿಲಿಗೆ ಬರುವುದು ಎಂಟನೇ ದಿನ. ಅಲ್ಲಿ ಎರಡೇ ರಾತ್ರಿ. ಒಟ್ಟು ಎಂಟು ಹೋಟೆಲು. ಅಂದರೆ ಎಂಟು ಸಲ ಪೆಟ್ಟಿಗೆ ಕಟ್ಟಬೇಕು! ಇನ್ನೂ ಒಂದು ಮಾತು. ಕೆಲವು ಜಾಗಗಳ ಮುಂದೆ “ಭೇಟಿ” ಅಂತಿರುತ್ತದೆ, ಕೆಲವುದರ ಮುಂದೆ “ಹೊರನೋಟ”, ಇನ್ನು ಕೆಲವುದರ ಮುಂದೆ “ಫೋಟೋ ಸ್ಟಾಪ್”. ಹೊರನೋಟ ಅಂದರೆ ಟಿಕೆಟ್ಟು ಅವರು ಕೊಡಿಸುವುದಿಲ್ಲ. ಫೋಟೋ ಸ್ಟಾಪ್ ಅಂದರೆ ಬಸ್ಸಿನಿಂದ ಇಳಿ, ಫೋಟೋ ತೆಗೆ, ಹತ್ತು. ಬೇಲೂರಿಗೆ ಹೋಗಿ ಗುಡಿಯೊಳಗೆ ಕಾಲಿಡದೆ ಬಸ್ ಸ್ಟ್ಯಾಂಡಿನಿಂದಲೇ ಕೈಮುಗಿದು ಬಂದ ಹಾಗೆ.

ಅಕ್ಕನನ್ನು ಕೇಳಿದೆ, ನಿನಗೆ ಏನು ನೋಡಬೇಕು ಅಂತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಮುದ್ರದ ಹತ್ತಿರ ಒಂದು ಮಧ್ಯಾಹ್ನ ಕೂರಬೇಕು. ಯಾರೂ ನನ್ನನ್ನ ಕರೀಬಾರದು” ಅಂದಳು. ಅಷ್ಟೇ. ಆಮೇಲೆ ನಾನು ಮೂರು ಕಾಗದದಲ್ಲೂ ಹುಡುಕಿದ್ದು ಒಂದನ್ನೇ, “ಬಿಡುವು” ಅನ್ನುವ ಮಾತು. ಮೊದಲನೆಯದರಲ್ಲಿ ಅದು ಇರಲೇ ಇಲ್ಲ. ಫೋನು ಮಾಡಿದರೆ ಆ ಹುಡುಗಿ ಬಲು ಹೆಮ್ಮೆಯಿಂದ, “ಮೇಡಂ, ನಮ್ಮಲ್ಲಿ ಒಂದು ನಿಮಿಷವೂ ವೇಸ್ಟ್ ಇಲ್ಲ” ಅಂದಳು. ಎರಡನೆಯದರಲ್ಲಿ ಎರಡು ಮಧ್ಯಾಹ್ನ ಬಿಡುವಿತ್ತು. ಪಲೆರ್ಮೊದಲ್ಲಿ ಮೂರು ರಾತ್ರಿ, ಅಗ್ರಿಜೆಂಟೊದಲ್ಲಿ ಒಂದು, ಸಿರಾಕ್ಯೂಸಿನಲ್ಲಿ ಎರಡು, ಎಟ್ನಾ ಪರ್ವತದ ಕಡೆ ಎರಡು. ನಾಲ್ಕೇ ಹೋಟೆಲು. ನಕ್ಷೆ ಹರಡಿಕೊಂಡು ಲೆಕ್ಕ ಹಾಕಿದೆ. ಪಲೆರ್ಮೊದಿಂದ ಕಟಾನಿಯಾಕ್ಕೆ ಅಡ್ಡ ಹಾಯ್ದರೂ ಇನ್ನೂರು ಕಿಲೋಮೀಟರ್ ಚಿಲ್ಲರೆ. ನಮ್ಮ ಬೆಂಗಳೂರು ಹಾಸನಕ್ಕಿಂತ ಒಂದಿಷ್ಟು ಹೆಚ್ಚು. ಇದು ಮಾಡಬಹುದು ಅನ್ನಿಸಿತು.

ಆಮೇಲೆ ತಿಂಗಳು ಆರಿಸುವುದು. ಮಗಳಿಗೆ ಆಗಸ್ಟಿನಲ್ಲಿ ರಜೆ, ನೀವೂ ಆಗ ಹೊರಡಿ, ವಿಮಾನ ಹತ್ತಿಸುತ್ತೇನೆ ಅಂದಳು. ಬೇಡವೇ ಬೇಡ ಅಂದೆ. ಬಿಸಿಲ ನಾಡು ಅಂತ ಕಾಗದದಲ್ಲಿ ಚೆಂದ ಕಾಣುತ್ತದೆ, ಆದರೆ 2021ರ ಆಗಸ್ಟ್ 11ರಂದು ಸಿರಾಕ್ಯೂಸಿನ ಹತ್ತಿರ 48.8 ಡಿಗ್ರಿ ಬಿಸಿಲು ದಾಖಲಾಗಿದೆ. ಯೂರೋಪ್ ಖಂಡಕ್ಕೇ ಅದು ದಾಖಲೆ ಅಂತ ವಿಶ್ವ ಹವಾಮಾನ ಸಂಸ್ಥೆ 2024ರಲ್ಲಿ ಒಪ್ಪಿಕೊಂಡಿತು. ನಮ್ಮ ರಾಯಚೂರು ಕಲಬುರ್ಗಿಯವರೂ ಹಣೆ ಒರೆಸಿಕೊಳ್ಳುವ ಬಿಸಿಲು! ಅದೂ ಅಲ್ಲದೆ ಆಗಸ್ಟ್ 15ರ ಆಸುಪಾಸು ಇಟಲಿಯವರಿಗೇ ದೊಡ್ಡ ರಜೆ, ಕಡಲತೀರವೆಲ್ಲ ಜಾತ್ರೆಯಂತೆ. ಏಪ್ರಿಲ್ ಮೇ ಚೆನ್ನ, ಇಲ್ಲವೇ ಸೆಪ್ಟೆಂಬರ್ ಕೊನೆ, ಮಳೆ ಹಿಡಿಯುವ ಮುಂಚೆ. ಐದು ಅಂಕದ ಪ್ರಶ್ನೆ ಕೊನೆಗೂ ಉಪಯೋಗಕ್ಕೆ ಬಂತು ನೋಡಿ.

ತಂಡ ಹೊರಡುವುದು 2024ರ ಸೆಪ್ಟೆಂಬರ್ 22 ಎಂದಾಯಿತು. ಕ್ಯಾಲೆಂಡರ್ ತಿರುಗಿಸಿದರೆ ಎದೆ ಧಸಕ್ಕೆಂದಿತು. ಪಿತೃಪಕ್ಷ! ಅಕ್ಟೋಬರ್ 2ಕ್ಕೆ ಮಹಾಲಯ ಅಮಾವಾಸ್ಯೆ. ಪಕ್ಷಮಾಸದಲ್ಲಿ ಯಾರಾದರೂ ಪ್ರಯಾಣ ಹೊರಡುತ್ತಾರೆಯೇ? ನೆಂಟರ ಬಾಯಿಗೆ ಇನ್ನೇನು ಬೇಕು. ಅಷ್ಟರಲ್ಲಿ ಒಂದು ಮದುವೆಮನೆಯಲ್ಲಿ ಅಣ್ಣ ಹತ್ತು ಜನರ ಮುಂದೆ, “ತವರಿನ ಗೋಡೆ ಮಾರಿಸಿ ವಿಮಾನ ಹತ್ತುತ್ತಾರಂತೆ” ಅಂದನೆಂದು ಸುದ್ದಿ ಬಂತು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮುಂಗಡ ಕಟ್ಟಿರಲಿಲ್ಲ, ಬಿಟ್ಟುಬಿಡೋಣ ಅಂತ ಅಕ್ಕನ ಮನೆಗೆ ಹೋದೆ.

ಅಕ್ಕ ಸಂಡಿಗೆ ಒತ್ತುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು. “ಗೋಡೆಗೆ ಸೆಗಣಿ ಸಾರಿಸಿದ್ದು ಯಾರು? ಅಮ್ಮನ ಹಾಸಿಗೆ ಒಗೆದದ್ದು ಯಾರು? ಅಪ್ಪನ ದುಡ್ಡಲ್ಲಿ ಅಪ್ಪನ ಪಕ್ಷದಲ್ಲೇ ಹೋಗ್ತೀನಿ. ಅವರೇ ಕಳಿಸಿದ್ದು ಅಂದ್ಕೋತೀನಿ.” ಅದಾದಮೇಲೆ ನಾನು ಬಿಡುವ ಮಾತೆತ್ತಲಿಲ್ಲ. ಅವಳು ಹೇಳಿದ್ದು ಶಾಸ್ತ್ರಕ್ಕೆ ಸರಿಯೋ ತಪ್ಪೋ ನನಗೆ ತಿಳಿಯದು. ನಿಮಗೇನನ್ನಿಸುತ್ತದೋ ಅನ್ನಿಸಲಿ.

ಮುಂಗಡ ಕಟ್ಟುವ ಮುಂಚೆ ಏಜೆಂಟರಿಗೆ ನಾನು ಕೇಳಿದ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಎಲ್ಲವನ್ನೂ ಇಲ್ಲಿ ಹೇಳಿದರೆ ಅಡುಗೆ ಪುಟಕ್ಕೆ ಜಾಗ ಉಳಿಯದು. ಮುಖ್ಯವಾದದ್ದು, ವೀಸಾ ಸಿಗದಿದ್ದರೆ ಹಣ ಎಷ್ಟು ವಾಪಸ್ಸು? ಒಬ್ಬರು “ಇಲ್ಲ” ಅಂತ ಚಿಕ್ಕ ಅಕ್ಷರದಲ್ಲಿ ಬರೆದಿದ್ದರು, ಇವರು ಮುಂಗಡ ಮಾತ್ರ ಹಿಡಿದುಕೊಳ್ಳುತ್ತೇವೆ ಅಂತ ಬರೆದುಕೊಟ್ಟರು. ಯಾವ ಊಟ ಸೇರಿದೆ, ಯಾವುದು ನಮ್ಮ ಕೈಯಿಂದ? ಅಲ್ಲಿನ ಹೋಟೆಲುಗಳಲ್ಲಿ ಕೂತದ್ದಕ್ಕೇ ತಲೆಗಿಷ್ಟು ಅಂತ ಬಿಲ್ಲಿನಲ್ಲಿ ಸೇರಿಸುತ್ತಾರೆ, ಅದಕ್ಕೆ ಕೊಪೆರ್ಟೊ ಅನ್ನುತ್ತಾರೆ, ತಿಳಿದಿದ್ದರೆ ಜಗಳವಿಲ್ಲ. ತಂಗುವ ಊರಿಗೆ ರಾತ್ರಿ ಲೆಕ್ಕದ ತೆರಿಗೆ ಬೇರೆ. ಇಲ್ಲಿನ ಏಜೆಂಟರಿಂದ ಕೊಂಡರೆ ಟಿ.ಸಿ.ಎಸ್. ಅಂತ ಸರ್ಕಾರಕ್ಕೆ ಹಿಡಿಯುತ್ತಾರೆ. ಅದರ ದರ ಆಗಾಗ ಬದಲಾಗುತ್ತದೆ, ಆದರೆ ವರ್ಷದ ತೆರಿಗೆ ಲೆಕ್ಕ ಸಲ್ಲಿಸಿದಾಗ ಹೊಂದಿಸಿಕೊಳ್ಳಬಹುದು ಅಂತ ನಮ್ಮವರು ಹೇಳಿದರು. ಆ ಕೆಲಸ ಅವರಿಗೇ ಬಿಟ್ಟೆ.

ಇನ್ನೊಂದು ಪ್ರಶ್ನೆ ಕೇಳಿದಾಗ ಏಜೆಂಟರು ನಕ್ಕುಬಿಟ್ಟರು. ಅಗ್ರಿಜೆಂಟೊ ಹೋಟೆಲಿನಲ್ಲಿ ನೀರಿನ ಟ್ಯಾಂಕು ಇದೆಯೇ? ಯೂರೋಪಿನಲ್ಲಿ ನೀರಿಗೇನು ಬರ ಮೇಡಂ ಅಂದರು. ಬರವೇ ಬಂದಿತ್ತು! 2024ರಲ್ಲಿ ಸಿಸಿಲಿಯಲ್ಲಿ ಮಳೆ ಕೈಕೊಟ್ಟು ಅಲ್ಲಿನ ಪೆರ್ಗೂಸಾ ಕೆರೆ ಒಣಗಿ ನೆಲ ಬಿರುಕು ಬಿಟ್ಟಿತ್ತು. ಅಗ್ರಿಜೆಂಟೊದಲ್ಲಿ ಸರದಿ ಮೇಲೆ ನೀರು. ಸಣ್ಣ ವಸತಿಗೃಹಗಳವರು ಬಂದ ಅತಿಥಿಗಳನ್ನೇ ವಾಪಸ್ಸು ಕಳಿಸಿದ್ದರು. ಅದೇ ವರ್ಷ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಮಗಳು ಟ್ಯಾಂಕರಿಗೆ ಕಾದು ಕೂತದ್ದು ನೆನಪಿತ್ತಲ್ಲ, ಅದಕ್ಕೇ ಕೇಳಿದೆ. ಎರಡು ದಿನ ಬಿಟ್ಟು, ಹೋಟೆಲಿಗೆ ಸ್ವಂತ ದೊಡ್ಡ ತೊಟ್ಟಿ ಇದೆ ಅಂತ ಉತ್ತರ ಬಂತು. ಏಜೆಂಟರು ಆಮೇಲೆ ನನ್ನನ್ನು ಸ್ವಲ್ಪ ಮರ್ಯಾದೆಯಿಂದ ಮಾತಾಡಿಸಿದರು.

ವೀಸಾ ಕಥೆ ಚಿಕ್ಕದಾಗಿ ಹೇಳುತ್ತೇನೆ. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ಚಿಕಿತ್ಸೆಯ ವಿಮೆ ಬೇಕೇ ಬೇಕು. ಅಕ್ಕನ ಬ್ಯಾಂಕ್ ಪುಸ್ತಕದಲ್ಲಿ ಪಿಂಚಣಿಯ ಸಣ್ಣ ಸಣ್ಣ ಮೊತ್ತಗಳ ನಡುವೆ ಇದ್ದಕ್ಕಿದ್ದಂತೆ ಹನ್ನೊಂದು ಲಕ್ಷ ಬಿದ್ದಿತ್ತು, ಅನುಮಾನ ಬಂದೀತು ಅಂತ ಮನೆ ಮಾರಿದ ಕ್ರಯಪತ್ರದ ನಕಲು ಇಂಗ್ಲಿಷಿಗೆ ಮಾಡಿಸಿ ಲಗತ್ತಿಸಿದೆವು. ಬೆರಳಚ್ಚು ಕೊಡುವಲ್ಲಿ ನನ್ನದು ಒಂದೇ ಸಲಕ್ಕೆ ಬಂತು. ಅಕ್ಕನದು ಬರಲಿಲ್ಲ. ಹಿಟ್ಟು ನಾದಿ, ಹಪ್ಪಳ ಲಟ್ಟಿಸಿ, ಪಾತ್ರೆ ತಿಕ್ಕಿ ಗೆರೆಗಳೇ ಸವೆದಿದ್ದವು. ಯಂತ್ರ ಮತ್ತೆ ಮತ್ತೆ ಬೇಡ ಬೇಡ ಅಂತ ಕೂಗಿತು. ಕೊನೆಗೆ ಅಲ್ಲಿನ ಹುಡುಗಿ ಒದ್ದೆ ಬಟ್ಟೆಯಿಂದ ಅವಳ ಬೆರಳು ಒಂದೊಂದನ್ನೇ ಒರೆಸಿ ಒತ್ತಿ ಹಿಡಿದು ತೆಗೆದುಕೊಂಡಳು. ವೀಸಾ ಬಂತು.

ಹೊರಡುವ ದಿನ ಅತ್ತೆ ನನ್ನ ಕೈಗೆ ನೂರು ರೂಪಾಯಿ ಕೊಟ್ಟು, ಅಲ್ಲಿ ಕಾಫಿ ಕುಡಿ ಅಂದರು. ನಾದಿನಿ ಬಂದಿದ್ದಳು. ನಮ್ಮವರು ಹತ್ತು ದಿನದ ಅಡುಗೆ ತಾವೇ ಮಾಡುತ್ತೇನೆ ಅಂತ ಪುಳಿಯೋಗರೆ ಪುಡಿ ಎಲ್ಲಿದೆ ಕೇಳಿಕೊಂಡರು.

ಈಗ ಆರಿಸಿದ್ದು ಸರಿಹೋಯಿತೇ ಅಂತ ಕೇಳುತ್ತೀರಿ. ಹೆಚ್ಚುಪಾಲು ಸರಿಹೋಯಿತು, ಒಂದು ಕಡೆ ನಾನು ಚೆನ್ನಾಗಿಯೇ ತಪ್ಪಿದೆ. ಅದನ್ನೂ ಹೇಳುತ್ತೇನೆ.

ತಂಡದಲ್ಲಿ ಹದಿನಾಲ್ಕು ಜನ. ಹೆಚ್ಚಿನವರು ಇಂಗ್ಲೆಂಡ್ ಆಸ್ಟ್ರೇಲಿಯಾದ ವಯಸ್ಸಾದವರು. ನನ್ನ ಇಂಗ್ಲಿಷ್ ಎಸ್ಸೆಸ್ಸೆಲ್ಸಿಯದು ಅಂತ ಮೊದಲೇ ಪತ್ರ ಬರೆದು, ನಿಧಾನವಾಗಿ ಮಾತಾಡುವ ಗೈಡು ಬೇಕು ಅಂದಿದ್ದೆ. ನಾಚಿಕೆ ಪಡಬೇಡಿ, ನೀವೂ ಬರೆಯಿರಿ. ನಮ್ಮ ಗೈಡು ನನ್ನಷ್ಟೇ ವಯಸ್ಸಿನ ಹೆಂಗಸು. ಅವಳಿಗೂ ಇಂಗ್ಲಿಷ್ ಕಲಿತ ಭಾಷೆಯೇ ಆದ್ದರಿಂದ ನಿಧಾನವಾಗಿ, ಬಿಡಿಸಿ ಹೇಳುತ್ತಿದ್ದಳು. ನಾನು ಅದನ್ನು ಕನ್ನಡದಲ್ಲಿ ಅಕ್ಕನಿಗೆ ಹೇಳುತ್ತಿದ್ದೆ. ನಾನು ಹೇಳುವುದು ಮುಗಿಯುವವರೆಗೆ ಅವಳು ಮುಂದಿನ ವಾಕ್ಯ ಶುರುಮಾಡುತ್ತಿರಲಿಲ್ಲ. ನಲವತ್ತು ಜನರ ಬಸ್ಸಿನಲ್ಲಿ ಇದು ನಡೆಯುತ್ತಿತ್ತೇ?

ಊಟದ ಭಯ ಎಲ್ಲಕ್ಕಿಂತ ದೊಡ್ಡದಾಗಿತ್ತು. ಮೀನು ಮಾಂಸ ಮೊಟ್ಟೆ ಇಲ್ಲ ಅಂತ ಗೈಡು ಇಟಾಲಿಯನ್ನಿನಲ್ಲಿ ಒಂದು ಚೀಟಿ ಬರೆದುಕೊಟ್ಟಳು. ಬರೀ ಸಸ್ಯಾಹಾರ ಅಂದರೆ ಸಾಲದು. ಸಾರಿನಲ್ಲಿ ಆಂಚೋವಿ ಅನ್ನುವ ಸಣ್ಣ ಮೀನು ಅಡಗಿ ಕೂತಿರುತ್ತದೆ. ಕೈಯಲ್ಲಿ ಮಾಡಿದ ಪಾಸ್ತಾದಲ್ಲಿ ಮೊಟ್ಟೆ ಇರಬಹುದು, ಒಣಗಿದ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ ರವೆ ಮತ್ತು ನೀರು. ಅವರ ಗಟ್ಟಿ ಚೀಸುಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ ಅಂತ ತಿಳಿದಮೇಲೆ ಅಕ್ಕ ಚೀಸು ಮುಟ್ಟಲಿಲ್ಲ. ಆದರೂ ಉಪವಾಸ ಬೀಳಲಿಲ್ಲ. ಪಲೆರ್ಮೊದ ಬೀದಿಯಲ್ಲಿ ಪನೆಲ್ಲೆ ಅಂತ ಕರಿದು ಕೊಡುತ್ತಾರೆ. ಏನದು ಗೊತ್ತೇ? ಕಡಲೆಹಿಟ್ಟು! ನೀರಿನಲ್ಲಿ ಗಟ್ಟಿಯಾಗಿ ಕುದಿಸಿ, ಹರಡಿ, ಆರಿದಮೇಲೆ ಕತ್ತರಿಸಿ, ಎಣ್ಣೆಯಲ್ಲಿ ಕರಿಯುವುದು. ಅಕ್ಕ ಒಂದು ತಿಂದು, “ಉಪ್ಪು ಖಾರ ಕಮ್ಮಿ, ಓಮ ಹಾಕಬೇಕಿತ್ತು” ಅಂತ ತೀರ್ಪು ಕೊಟ್ಟು ಇನ್ನೂ ನಾಲ್ಕು ತಿಂದಳು. ಕಪೊನಾಟಾ ಅಂತ ಬದನೆಕಾಯಿಯದೊಂದು ಹುಳಿಸಿಹಿ ಗೊಜ್ಜು ಇದೆ, ನಮ್ಮ ಗೊಜ್ಜಿನ ತಂಗಿ. ಒಂಬತ್ತನೇ ಶತಮಾನದಿಂದ ಅರಬರು ಸಿಸಿಲಿಯನ್ನು ಆಳಿದರಲ್ಲ, ಕಿತ್ತಳೆ, ಕಬ್ಬು, ಬದನೆ ಎಲ್ಲ ಅವರ ಕಾಲದಿಂದಲೇ ಬಂದದ್ದಂತೆ. ಬದನೆ ನಮ್ಮ ಕಡೆಯಿಂದ ಹೊರಟದ್ದು ಅಂತ ನಾನು ಗೈಡಿಗೆ ಹೇಳಿದೆ. ಡಿಸೆಂಬರ್ 13, ಸಂತ ಲೂಸಿಯಾ ದಿನ ಅವರು ಬ್ರೆಡ್ಡು ಪಾಸ್ತಾ ತಿನ್ನದೆ, ಹಿಂದೆ ಬರಗಾಲದಲ್ಲಿ ಹಡಗು ತುಂಬ ಗೋಧಿ ಬಂದದ್ದರ ನೆನಪಿಗೆ ಇಡೀ ಗೋಧಿ ಬೇಯಿಸಿ ಸಿಹಿ ಮಾಡುತ್ತಾರೆ ಅಂತ ಅವಳು ಹೇಳಿದಳು. ಗೋಧಿ ಹುಗ್ಗಿ ಕಣೇ ಅಂತ ನಾವಿಬ್ಬರೂ ಒಟ್ಟಿಗೇ ಅಂದೆವು.

ರಸ್ತೆ ಬದಿಯಲ್ಲೆಲ್ಲ ಪಾಪಾಸುಕಳ್ಳಿ! ನಮ್ಮೂರ ಬೇಲಿಯಲ್ಲಿರುತ್ತಿತ್ತಲ್ಲ, ಅದೇ. ಕೆಂಪು, ಕಿತ್ತಳೆ, ಹಳದಿ ಹಣ್ಣು. ಅದನ್ನು ಅವರು ಸಿಪ್ಪೆ ತೆಗೆದು ತಣ್ಣಗೆ ಮಾಡಿ ಮಾರುತ್ತಾರೆ. ಹೆಸರು “ಇಂಡಿಯಾದ ಅಂಜೂರ” ಅಂತ. ಅದು ಇಂಡಿಯಾದ್ದೂ ಅಲ್ಲ, ಅಂಜೂರವೂ ಅಲ್ಲ, ಅಮೆರಿಕದಿಂದ ಬಂದ ಕಳ್ಳಿ. ಚಿಕ್ಕಂದಿನಲ್ಲಿ ಅದರ ಹಣ್ಣು ಕಿತ್ತು ಮುಳ್ಳು ಚುಚ್ಚಿಸಿಕೊಂಡು ಅಣ್ಣನ ಕೈಯಲ್ಲಿ ಮುಳ್ಳು ತೆಗೆಸಿಕೊಳ್ಳುತ್ತಿದ್ದೆವು. ಅಕ್ಕನಿಗೂ ಅದೇ ನೆನಪಾಗಿರಬೇಕು, ಇಬ್ಬರೂ ಆಡಲಿಲ್ಲ.

ಮೊನ್ರಿಯಾಲೆಯ ಚರ್ಚಿನಲ್ಲಿ ಆರು ಸಾವಿರ ಚದರ ಮೀಟರಿಗೂ ಹೆಚ್ಚು ಗೋಡೆಯನ್ನು ಬಂಗಾರದ ಬಣ್ಣದ ಹರಳುಗಳಿಂದ ಮುಚ್ಚಿದ್ದಾರೆ, ಹನ್ನೆರಡನೇ ಶತಮಾನದ್ದು. ಅದನ್ನು ಬರೆದು ತೋರಿಸಲಾರೆ. ಅಗ್ರಿಜೆಂಟೊದ ಗ್ರೀಕ್ ಗುಡಿಗಳ ಸಾಲು ನೋಡಲು ಹೆಚ್ಚುಕಡಿಮೆ ಎರಡು ಕಿಲೋಮೀಟರ್ ನಡೆಯಬೇಕು. ಆದರೆ ಮೇಲಿನ ಬಾಗಿಲಿನಿಂದ ಒಳಗೆ ಹೋದರೆ ಇಳಿಜಾರು, ಕೆಳಗಿನಿಂದ ಬಂದರೆ ಏರು. ಮಂಡಿ ನೋವಿನವರು ಮೇಲಿನಿಂದಲೇ ಹೋಗಬೇಕು ಅಂತ ಮೊದಲೇ ಕೇಳಿ ಬರೆಸಿದ್ದೆ. ಅಲ್ಲಿ ಕಂಕೋರ್ಡಿಯಾ ಅನ್ನುವ ಗುಡಿ ಎರಡು ಸಾವಿರದ ನಾನೂರು ವರ್ಷದ ಮೇಲೂ ಕಂಬ ಸಮೇತ ನಿಂತಿದೆ. ಆರನೇ ಶತಮಾನದಲ್ಲಿ ಅದನ್ನು ಚರ್ಚು ಮಾಡಿಕೊಂಡದ್ದರಿಂದ ಉಳಿಯಿತಂತೆ. ಬಳಸಿದ ಮನೆ ಉಳಿಯುತ್ತದೆ ಅಂದಳು ಅಕ್ಕ. ಹಾದಿಯಲ್ಲಿ ಪಿಯಾತ್ಸಾ ಅರ್ಮೆರೀನಾ ಹತ್ತಿರ ರೋಮನ್ನರ ಕಾಲದ ದೊಡ್ಡ ಬಂಗಲೆ. ಅದರ ನೆಲದ ಮೇಲೆ ನಾಲ್ಕನೇ ಶತಮಾನದಲ್ಲಿ ಹರಳಿನಿಂದ ಬಿಡಿಸಿದ ಹುಡುಗಿಯರು ತುಂಡು ಬಟ್ಟೆ ತೊಟ್ಟು ಓಡುತ್ತಾರೆ, ಚೆಂಡಾಡುತ್ತಾರೆ, ಭಾರ ಎತ್ತುತ್ತಾರೆ. ನಾವು ಪಿ.ಟಿ. ಪೀರಿಯಡ್ಡಿಗೂ ಉದ್ದ ಲಂಗದಲ್ಲೇ ಓಡಿದವರು. ಅಕ್ಕ ಓಡಲೂ ಇಲ್ಲ ಬಿಡಿ.

ಈಗ ನನ್ನ ತಪ್ಪು. ಸಿರಾಕ್ಯೂಸಿನ ಹಳೇ ಊರು ಓರ್ಟೀಜಿಯಾ ಅನ್ನುವ ಪುಟ್ಟ ದ್ವೀಪದಲ್ಲಿದೆ. ಸಮುದ್ರಕ್ಕೆ ಹತ್ತಿರ ಅಂತ ಅಲ್ಲಿನ ಹೋಟೆಲ್ ಇರುವ ತಂಡವನ್ನೇ ಹುಡುಕಿ ಆರಿಸಿದ್ದೆ. ನೀರು ಕೇಳಿದೆ, ಊಟ ಕೇಳಿದೆ, ಏರು ಇಳಿಜಾರು ಕೇಳಿದೆ. ಲಿಫ್ಟ್ ಇದೆಯೇ ಅಂತ ಕೇಳಲಿಲ್ಲ! ಹಳೇ ಕಟ್ಟಡ, ನಮ್ಮ ರೂಮು ಮೂರನೇ ಮಹಡಿ, ಕಲ್ಲಿನ ಎತ್ತರದ ಮೆಟ್ಟಿಲು ಅರವತ್ತೆರಡು. ಕೆಳಗಿನ ರೂಮು ಖಾಲಿ ಇಲ್ಲ. ಅಕ್ಕ ಹಿಂದುಮುಂದಾಗಿ ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಮೇಲಕ್ಕೆ ಸರಿದಳು. ಸೀರೆಯ ಅಂಚೆಲ್ಲ ಧೂಳು. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ಅಳುತ್ತಿದ್ದೆ. “ಅಳಬೇಡ ಕಣೇ, ಅಟ್ಟ ಹತ್ತಿಲ್ವಾ ನಾವು” ಅಂದಳು. ಮಾರನೇ ದಿನ ಗೈಡು ಜಗಳವಾಡಿ ಮೊದಲ ಮಹಡಿಗೆ ಬದಲಾಯಿಸಿಕೊಟ್ಟಳು. ಮಂಡಿ ನೋವಿನವರು ಇದ್ದರೆ ದಯವಿಟ್ಟು, ಬೇರೆಲ್ಲ ಮರೆತರೂ ಪ್ರತಿ ಹೋಟೆಲಿಗೂ ಲಿಫ್ಟ್ ಇದೆಯೇ, ಅದು ಬೀದಿಯ ಮಟ್ಟದಿಂದಲೇ ಶುರುವಾಗುತ್ತದೆಯೇ ಅಂತ ಕೇಳಿ.

ಆ ಮಾರನೇ ದಿನವೇ ನಮ್ಮ ಬಿಡುವಿನ ಮಧ್ಯಾಹ್ನ. ಬೆಳಿಗ್ಗೆ ಅಲ್ಲಿನ ದೊಡ್ಡ ಚರ್ಚು ನೋಡಿದೆವು. ಗ್ರೀಕರ ಅಥೀನಾ ದೇವಿಯ ಗುಡಿಯನ್ನೇ ಗೋಡೆ ಕಟ್ಟಿ ಚರ್ಚು ಮಾಡಿದ್ದಾರೆ, ದೇವಿಯ ಗುಡಿಯ ದಪ್ಪ ಕಂಬಗಳು ಗೋಡೆಯಿಂದ ಈಚೆಗೆ ಹಾಗೇ ಕಾಣುತ್ತವೆ. ಅಕ್ಕ ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆರ್ಕಿಮಿಡೀಸ್ ಹುಟ್ಟಿದ ಊರು ಅದು, ರೋಮನ್ ಸೈನಿಕ ಅವನನ್ನು ಕೊಂದದ್ದೂ ಅಲ್ಲೇ, ಕ್ರಿಸ್ತಪೂರ್ವ 212ರಲ್ಲಿ. ಸಮುದ್ರಕ್ಕೆ ಹತ್ತು ಹೆಜ್ಜೆ ದೂರದಲ್ಲಿ ಅರೆಥೂಸಾ ಅನ್ನುವ ಸಿಹಿನೀರಿನ ಒರತೆ, ಅದರಲ್ಲಿ ಪಪೈರಸ್ ಗಿಡ ಬೆಳೆದಿದೆ, ಬಾತುಗಳಿವೆ. ಗ್ರೀಸಿನ ಒಬ್ಬಳು ವನದೇವತೆ, ಬೆನ್ನಟ್ಟಿದ ನದಿದೇವನಿಂದ ತಪ್ಪಿಸಿಕೊಳ್ಳಲು ನೀರಾಗಿ, ಸಮುದ್ರದ ಅಡಿಯಲ್ಲೇ ಹರಿದು ಬಂದು ಇಲ್ಲಿ ಮೇಲೆದ್ದಳಂತೆ. ಅಕ್ಕ ಕಥೆ ಕೇಳಿ, “ಅಷ್ಟು ದೂರ ಬಂದಮೇಲೆ ಇಲ್ಲಾದರೂ ನೆಮ್ಮದಿಯಾಗಿದ್ದಾಳಾ?” ಅಂದಳು. ಅಲ್ಲೇ ಗೋಡೆಯ ಪಕ್ಕ ಕಲ್ಲುಬೆಂಚಿನ ಮೇಲೆ ಅವಳನ್ನು ಕೂರಿಸಿ, ಬಾದಾಮಿ ಗ್ರಾನೀಟಾ ಒಂದು ಲೋಟ ಕೈಗೆ ಕೊಟ್ಟು, ನಾನು ಬೇಕೆಂದೇ ಎದ್ದು ದೂರ ಹೋದೆ. ಮೂರು ಗಂಟೆ ಅವಳು ಅಲ್ಲಾಡಲಿಲ್ಲ. ಯಾರೂ ಕರೆಯಲಿಲ್ಲ. ನಾನು ತಿರುಗಿ ಬಂದಾಗ ಬಿಸಿಲು ಇಳಿದು ನೀರೆಲ್ಲ ಕೆಂಪಾಗಿತ್ತು. ಏನು ಯೋಚಿಸಿದೆ ಅಂತ ಕೇಳಿದೆ. “ಏನೂ ಇಲ್ಲ” ಅಂದಳು. ಅವಳ ಮುಖ ಹಾಗೆ ಇದ್ದದ್ದನ್ನು ನಾನು ಅವಳ ಮದುವೆಗೂ ಮುಂಚೆ ನೋಡಿದ್ದೆ, ಆಮೇಲೆ ನೋಡಿರಲಿಲ್ಲ.

ಎಟ್ನಾಕ್ಕೆ 1,900 ಮೀಟರ್ ತನಕ ಬಸ್ಸು ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ತೂಗು ಗಾಡಿ. ನಾವು ಕೆಳಗೇ ಇದ್ದು 1892ರಲ್ಲಿ ಸಿಡಿದ ಸಿಲ್ವೆಸ್ಟ್ರಿ ಕುಳಿಗಳ ಅಂಚು ನೋಡಿ ಬಂದೆವು, ಕಾಲಿನ ಕೆಳಗೆ ಕರೀ ಇದ್ದಲಿನ ಹಾಗೆ ಬೂದಿ. ಪರ್ವತ ಹೊಗೆಯಾಡುತ್ತಲೇ ಇರುತ್ತದೆ. 2025ರ ಜೂನ್ 2ರಂದು ಅದು ಸಿಡಿದು ಪ್ರವಾಸಿಗರು ಓಡಿ ಇಳಿದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬೇಕು. ಬೂದಿ ಬಿದ್ದರೆ ಕಟಾನಿಯಾದ ವಿಮಾನ ನಿಲ್ದಾಣ ಮುಚ್ಚುವುದೂ ಉಂಟು. ಆಗ ನಮ್ಮನ್ನು ಹೇಗೆ ಕಳಿಸುತ್ತೀರಿ, ಖರ್ಚು ಯಾರದು ಅಂತ ಕೇಳಿಟ್ಟುಕೊಳ್ಳಬೇಕು.

ಅಕ್ಟೋಬರ್ 1ಕ್ಕೆ ಮನೆ ಸೇರಿದೆವು. ನಮ್ಮವರು ಎರಡು ಕೆಜಿ ಇಳಿದಿದ್ದರು, ಪುಳಿಯೋಗರೆ ಪುಡಿ ಖಾಲಿಯಾಗಿತ್ತು. ಅಮಾವಾಸ್ಯೆ ದಿನ ಅಣ್ಣನ ಮನೆಯಲ್ಲಿ ಅಪ್ಪ ಅಮ್ಮನಿಗೆ ಎಡೆ ಇಟ್ಟರಂತೆ. ನಮ್ಮನ್ನು ಕರೆಯಲಿಲ್ಲ.

ಪಲೆರ್ಮೊದಲ್ಲಿ ಬಾದಾಮಿ ಸಕ್ಕರೆ ಅರೆದು ಥೇಟ್ ಹಣ್ಣಿನ ಹಾಗೆ ಮಾಡಿ ಬಣ್ಣ ಬಳಿದ ಮಿಠಾಯಿ ಮಾರುತ್ತಾರೆ, ಮಾರ್ತೊರಾನಾ ಅಂತ. ಹಿಂದೆ ಕ್ರೈಸ್ತ ಸನ್ಯಾಸಿನಿಯರು ತೋಟದ ಬರಿದಾದ ಮರಗಳಿಗೆ ಇವನ್ನು ಕಟ್ಟಿ ಬಂದವರಿಗೆ ಹಣ್ಣು ಬಿಟ್ಟಿದೆ ಅನ್ನಿಸಿದ್ದರು ಅಂತ ಕಥೆ. ಅಕ್ಕ ಎರಡು ಡಬ್ಬಿ ಕೊಂಡಿದ್ದಳು. ಒಂದರಲ್ಲಿ ಪಾಪಾಸುಕಳ್ಳಿ ಹಣ್ಣೇ ಹೆಚ್ಚಿತ್ತು. ಅದನ್ನು ಅಣ್ಣನ ಮಗನ ಕೈಯಲ್ಲಿ ಕಳಿಸಿದಳು. ಚೀಟಿ ಗೀಟಿ ಏನೂ ಇಡಲಿಲ್ಲ.

ಎರಡು ದಿನ ಬಿಟ್ಟು ಅತ್ತಿಗೆ ನನಗೆ ಫೋನು ಮಾಡಿದರು. ಇದನ್ನ ತಿನ್ನೋದಾ, ಗೊಂಬೆ ಹಬ್ಬಕ್ಕೆ ಇಡೋದಾ ಅಂತ ಕೇಳಿದರು. ತಿನ್ನೋದೇ ಅತ್ತಿಗೆ, ಬರೀ ಬಾದಾಮಿ ಅಂದೆ. ಎಷ್ಟು ದಿನ ಇಡಬಹುದು ಅಂದರು. ಗಾಳಿಯಾಡದ ಹಾಗೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ವಾರ ಆದೀತು ಅಂದೆ. ಇಬ್ಬರಿಗೂ ಮುಂದೆ ಮಾತು ತೋಚಲಿಲ್ಲ. ಆ ಕಡೆ ಟಿ.ವಿ.ಯ ಸದ್ದು ಕಡಿಮೆಯಾಯಿತು, ಅಣ್ಣ ಕೆಮ್ಮಿದ್ದು ಕೇಳಿಸಿತು.